ಒಳ್ಳೆಮೆಣಸಿನ ದಾರಿಯಲ್ಲಿ ನಾವಿಬ್ಬರೇ: ಉಡುಪಿಯಿಂದ ವೆನಿಸ್, ಫ್ಲಾರೆನ್ಸ್, ರೋಮ್

ನಮ್ಮ ಪರಿಚಯದವರೊಬ್ಬರು ಹನ್ನೆರಡು ದಿನದಲ್ಲಿ ಎಂಟು ದೇಶ ತೋರಿಸುವ ಟೂರಿಗೆ ಹೋಗಿ ಬಂದಿದ್ದರು. ತಿಂಗಳು ಕಳೆದು ಫೋಟೊ ತೋರಿಸುವಾಗ ಯಾವ ಚರ್ಚು ಯಾವ ಊರಿನದು ಎಂದು ಅವರಿಗೇ ಗೊತ್ತಾಗಲಿಲ್ಲ. ನನಗೆ ಬೇಸರವಾಯಿತು. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು, ಅಲ್ವಾ? ಹಾಗಾಗಿ ನಮ್ಮವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಾವಿಬ್ಬರೇ ಹೊರಟಾಗ ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಂಡೆವು: ಒಂದೇ ದೇಶ, ಮೂರೇ ಊರು, ದಿನಕ್ಕೆ ಒಂದೇ ದೊಡ್ಡ ಜಾಗ. ದೇಶ ಇಟಲಿ. ವೆನಿಸ್‌ನಲ್ಲಿ 2 ರಾತ್ರಿ, ಫ್ಲಾರೆನ್ಸ್‌ನಲ್ಲಿ 3, ರೋಮ್‌ನಲ್ಲಿ 5. ಬಂದ ಮೇಲೆ ಉಡುಪಿ, ಮಂಗಳೂರು ಕಡೆಯ ಎಷ್ಟೋ ಜೋಡಿಗಳು ಕೇಳುತ್ತಿದ್ದಾರೆ. ನಾವು ಮಾಡಿದ್ದು, ತಪ್ಪಿದ್ದು, ಇನ್ನೊಮ್ಮೆ ಹೋದರೆ ಹೇಗೆ ಮಾಡುತ್ತೇವೆ, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಈ ಮೂರೇ ಊರು ಯಾಕೆ

ಮೊದಲ ಕಾರಣ ಒಳ್ಳೆಮೆಣಸು. ಘಟ್ಟದ ಮೇಲಿನವರು ಕರಿಮೆಣಸು ಅನ್ನುತ್ತಾರಲ್ಲ, ಅದೇ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಪಶ್ಚಿಮ ಕರಾವಳಿಯ ಮೆಣಸು ಹಡಗು ಹತ್ತಿ ರೋಮ್‌ಗೆ ಹೋಗುತ್ತಿತ್ತು. ಆ ಕಾಲದ ರೋಮನ್ ಲೇಖಕ ಪ್ಲಿನಿ ನಿತ್ರಿಯಾಸ್ ಎಂಬ ಜಾಗದ ಕಡಲ್ಗಳ್ಳರ ಬಗ್ಗೆ ಬರೆದಿದ್ದಾನೆ. ಅದು ನಮ್ಮ ನೇತ್ರಾವತಿಯ ಕಡೆಯೇ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಆಮೇಲಿನ ಕಾಲದಲ್ಲಿ ಅದೇ ಮೆಣಸು ಅರಬ್ ವ್ಯಾಪಾರಿಗಳ ಕೈ ದಾಟಿ ವೆನಿಸ್ ಸೇರಿ, ಅಲ್ಲಿಂದ ಯುರೋಪಿಗೆಲ್ಲ ಹೋಗುತ್ತಿತ್ತು.

ಇನ್ನೊಂದು ಕಾರಣ ಒಬ್ಬ ಮನುಷ್ಯ. ರೋಮ್‌ನ ಪಿಯೆತ್ರೊ ದೆಲ್ಲಾ ವಾಲೆ. 1614ರಲ್ಲಿ ವೆನಿಸ್‌ನಲ್ಲಿ ಹಡಗು ಹತ್ತಿ, ತುರ್ಕಿ, ಈಜಿಪ್ಟ್, ಬಾಗ್ದಾದ್, ಪರ್ಷಿಯಾ ಎಲ್ಲ ಸುತ್ತಿ, 1623ರಲ್ಲಿ ಮಂಗಳೂರಿಗೆ ಬಂದ. ಕಾಲುವೆ ಕೆಲಸ ನೋಡಲು ಬರಿಗಾಲಲ್ಲಿ ನಡೆದು ಬರುತ್ತಿದ್ದ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿ, ಅದನ್ನೆಲ್ಲ ಕಾಗದ ಬರೆದಿಟ್ಟ. 1626ರಲ್ಲಿ ವಾಪಸ್ ರೋಮ್ ಸೇರಿದ. ಅವನ ಕಥೆಯ ಉಳಿದ ಭಾಗ ರೋಮ್‌ನಲ್ಲಿ ಹೇಳುತ್ತೇನೆ. ನಾವು ವೆನಿಸ್‌ನಲ್ಲಿ ಶುರು ಮಾಡಿ ರೋಮ್‌ನಲ್ಲಿ ಮುಗಿಸಿದ್ದಕ್ಕೆ ಅವನೂ ಒಂದು ನೆಪ.

ಹೊರಡುವ ಮೊದಲು ಊರಲ್ಲೇ ಮೂರು ಜಾಗ ನೋಡಿ

ಇದನ್ನು ದಯವಿಟ್ಟು ಬಿಡಬೇಡಿ. ಒಂದು ಭಾನುವಾರ ಕಾರ್ಕಳಕ್ಕೆ ಹೋಗಿ ಗೊಮ್ಮಟನ ಕಾಲ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ. 42 ಅಡಿ, ಒಂದೇ ಕಲ್ಲು, 1432. ಅಲ್ಲಿಂದ ಮೂಡಬಿದಿರೆ ಹತ್ತಿರ. ಸಾವಿರ ಕಂಬದ ಬಸದಿ 1430ರದ್ದು. ಈ ಎರಡು ಇಸವಿ ನೆನಪಿಟ್ಟುಕೊಳ್ಳಿ, ಫ್ಲಾರೆನ್ಸ್‌ನಲ್ಲಿ ಬೇಕಾಗುತ್ತದೆ. ಇನ್ನೊಂದು ದಿನ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೊನಿಯೊ ಮೊಸ್ಕೇನಿ 1899ರಿಂದ 1901ರ ತನಕ ಅದರ ಗೋಡೆ, ಚಾವಣಿ ಪೂರ್ತಿ ಚಿತ್ರ ಬರೆದರು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಕೆಲಸಕ್ಕೆ ಫ್ರೆಸ್ಕೊ ಎನ್ನುತ್ತಾರೆ. ಗಾರೆ ಒಣಗುವ ಮೊದಲೇ ಆ ದಿನದ ತುಂಡು ಮುಗಿಸಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಹಾಕಬೇಕು. ಇದನ್ನು ತಿಳಿದು ಅರ್ಧ ಗಂಟೆ ಸುಮ್ನೆ ಕೂತು ನೋಡಿದರೆ ಸಾಕು. ರೋಮ್‌ನ ವ್ಯಾಟಿಕನ್‌ನಲ್ಲಿ ಇಂಥದೇ ಚಿತ್ರಗಳ ಕೆಳಗೆ ಜನಜಂಗುಳಿಯಲ್ಲಿ ಹದಿನೈದು ನಿಮಿಷ ಸಿಕ್ಕಾಗ ಎಲ್ಲಿ ನೋಡಬೇಕು ಎಂದು ಕಣ್ಣಿಗೆ ಗೊತ್ತಿರುತ್ತದೆ.

ನಡಿಗೆಯ ಅಭ್ಯಾಸವನ್ನೂ ಈಗಲೇ ಶುರು ಮಾಡಿ. ಅಲ್ಲಿ ದಿನಕ್ಕೆ ಎಂಟು, ಹತ್ತು ಕಿಲೋಮೀಟರ್ ಆಗಿಯೇ ಆಗುತ್ತದೆ, ಅದೂ ಕಲ್ಲು ಹಾಸಿದ ಬೀದಿಯಲ್ಲಿ. ನಾವು ಎರಡು ತಿಂಗಳು ಸಂಜೆ ಮಲ್ಪೆ ಬೀಚಿನಲ್ಲಿ ಶೂ ಹಾಕಿಕೊಂಡೇ ನಡೆದೆವು. ಹೊಸ ಶೂ ತೆಗೆದು ನೇರ ವಿಮಾನ ಹತ್ತಬೇಡಿ.

ವೀಸಾ ಮತ್ತು ಟಿಕೆಟ್

ತಿಂಗಳು ಆರಿಸುವಾಗ ಜುಲೈ, ಆಗಸ್ಟ್ ಬಿಟ್ಟುಬಿಡಿ. ಅಲ್ಲಿ ಆಗ ಸುಡು ಬಿಸಿಲು, ಆಗಸ್ಟ್ 15ರ ಆಸುಪಾಸಿನಲ್ಲಿ ಅವರದೇ ರಜೆ ಇರುವುದರಿಂದ ಸುಮಾರು ಅಂಗಡಿ ಹೋಟೆಲ್ ಮುಚ್ಚಿರುತ್ತವೆ. ಏಪ್ರಿಲ್ ಕೊನೆ, ಮೇ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ನಾವು ದಸರಾ ಮುಗಿಸಿ ಅಕ್ಟೋಬರಿನಲ್ಲಿ ಹೋದೆವು.

ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನ ಮೊದಲು ಹಾಕಿಯೇ ಆಗಿರಬೇಕು. ಅಷ್ಟು ಕೊನೆಗೆ ಇಟ್ಟುಕೊಳ್ಳುವುದು ಬೇಡ ಮಾರಾಯ್ರೇ, ಬೆರಳಚ್ಚು ಕೊಡಲು ದಿನ ಸಿಗುವುದೇ ಕಷ್ಟ. ಎರಡೂವರೆ ಮೂರು ತಿಂಗಳು ಮೊದಲೇ ಶುರು ಮಾಡಿ. ಶುಲ್ಕ ಒಬ್ಬರಿಗೆ 90 ಯೂರೊ, ಅರ್ಜಿ ಕೇಂದ್ರದ ಚಾರ್ಜು ಬೇರೆ. ಪಾಸ್‌ಪೋರ್ಟು ಹತ್ತು ವರ್ಷದ ಒಳಗಿನದಾಗಿರಬೇಕು, ವಾಪಸ್ ಬರುವ ದಿನದ ನಂತರ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು. ಇದಲ್ಲದೆ ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ರಿಟರ್ನ್ಸು, ಹೋಟೆಲ್ ಬುಕಿಂಗು, ದಿನಕ್ಕೊಂದು ಸಾಲಿನಂತೆ ಎಲ್ಲಿ ಇರುತ್ತೀರಿ ಎಂಬ ಪಟ್ಟಿ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರೇ ಇದ್ದರೆ ಮದುವೆ ಸರ್ಟಿಫಿಕೇಟು ಕೈಯಲ್ಲಿರಲಿ. ನನ್ನದು ಹಾಗೇ ಇತ್ತು, ಪುಣ್ಯಕ್ಕೆ ಒಯ್ದಿದ್ದೆ. ಬೆರಳಚ್ಚಿಗೆ ನಾವಿಬ್ಬರೂ ಬೆಂಗಳೂರಿಗೆ ಹೋಗಿ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಬಸ್ಸಿಗೆ ವಾಪಸ್ ಬಂದೆವು.

ವಿಮಾನದ ಟಿಕೆಟಿನಲ್ಲಿ ಎರಡು ವಿಷಯ. ಒಂದು, ಹೋಗುವುದು ವೆನಿಸ್‌ಗೆ, ಬರುವುದು ರೋಮ್‌ನಿಂದ, ಹೀಗೆ ಮಾಡಿಸಿ. ಹುಡುಕುವಾಗ ಮಲ್ಟಿ ಸಿಟಿ ಎಂದು ಒತ್ತಬೇಕು. ರೋಮ್‌ನಿಂದ ಮತ್ತೆ ವೆನಿಸ್‌ಗೆ ಬರುವ ರೈಲು ಖರ್ಚು, ಅರ್ಧ ದಿನ, ಎರಡೂ ಉಳಿಯುತ್ತದೆ. ಎರಡು, ಇಡೀ ಪ್ರಯಾಣ ಒಂದೇ ಪಿಎನ್ಆರ್ (ಬುಕಿಂಗ್) ನಂಬರಿನಲ್ಲಿ ಇರಬೇಕು. ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ಗಲ್ಫಿಗೆ ವಿಮಾನ ಇರುವುದರಿಂದ, ನಮಗೆ ಟಿಕೆಟ್ ಮಾಡಿಕೊಡುತ್ತಿದ್ದವರು ಅಲ್ಲಿಯವರೆಗೆ ಒಂದು ಟಿಕೆಟು, ಅಲ್ಲಿಂದ ವೆನಿಸ್‌ಗೆ ಬೇರೆ ಟಿಕೆಟು ತೋರಿಸಿದರು. ಸ್ವಲ್ಪ ಕಮ್ಮಿ ಆಗುತ್ತಿತ್ತು, ನಿಜ. ಆದರೆ ಟಿಕೆಟ್ ಬೇರೆ ಬೇರೆಯಾದರೆ ಗಲ್ಫಿನಲ್ಲಿ ಹೊರಗೆ ಬಂದು ಬ್ಯಾಗ್ ತೆಗೆದು ಮತ್ತೆ ಚೆಕ್-ಇನ್ ಮಾಡಬೇಕು, ಹೊರಗೆ ಬರಲು ಆ ದೇಶದ ವೀಸಾ ಬೇಕಾಗಬಹುದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ನಾವು ಬೆಂಗಳೂರಿನಿಂದ ಒಂದೇ ಟಿಕೆಟ್ ಮಾಡಿಸಿದೆವು. ಮಳೆಗಾಲದಲ್ಲಿ ಅಥವಾ ಅದರ ಬಾಲದಲ್ಲಿ ಹೊರಡುವುದಾದರೆ ಬೆಂಗಳೂರಿಗೆ ಒಂದು ದಿನ ಮೊದಲೇ ಹೋಗಿ ಉಳಿಯಿರಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಎಂತ ಮಾಡುವುದು? ಮುಂಬೈ ಮೂಲಕ ಹೋಗುವವರು ಕೊಂಕಣ ರೈಲಿನ ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ ಎಂಬುದನ್ನು ಮರೆಯಬೇಡಿ.

ವಿಮಾನದ ಟಿಕೆಟಿನಲ್ಲಿ, ಅಲ್ಲಿಯ ಮ್ಯೂಸಿಯಂ ಟಿಕೆಟಿನಲ್ಲಿ ಕೂಡ, ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ನಮ್ಮಲ್ಲಿ ಇನಿಶಿಯಲ್ಲು ಬಿಡಿಸಿ ಬರೆದದ್ದು, ಬಿಡಿಸದೆ ಬರೆದದ್ದು ಎರಡೂ ಇರುತ್ತದಲ್ಲ, ಅಲ್ಲೇ ತೊಂದರೆ ಆಗುವುದು.

ಬ್ಯಾಗಿನಲ್ಲಿ ಏನು, ಹೊಟ್ಟೆಗೆ ಏನು

ಒಬ್ಬರಿಗೆ ಒಂದೇ ಬ್ಯಾಗು, ನೀವೇ ಎತ್ತಿ ಎರಡು ಮಹಡಿ ಹತ್ತುವಷ್ಟು ತೂಕದ್ದು. ವೆನಿಸ್‌ನಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆ ಉಂಟು, ಹೆಚ್ಚಿನದಕ್ಕೆಲ್ಲ ಮೆಟ್ಟಿಲು, ಆಟೋ ಟ್ಯಾಕ್ಸಿ ಏನೂ ಇಲ್ಲ. ನಮ್ಮ ಹೋಟೆಲು ದೋಣಿ ಸ್ಟಾಪಿನಿಂದ ಐದು ನಿಮಿಷ ಎಂದು ಬರೆದಿದ್ದರು. ದಾರಿಯಲ್ಲಿ ಮೂರು ಸೇತುವೆ ಎಂದು ಬರೆದಿರಲಿಲ್ಲ. ದೊಡ್ಡ ಎರಡು ಟ್ರಾಲಿ ಬ್ಯಾಗು ಎತ್ತಿ ಇಳಿಸಿ ನಮ್ಮವರ ಸೊಂಟ ಹಿಡಿದುಕೊಂಡಿತು. ಹೋಟೆಲ್ ಆರಿಸುವಾಗ ಮ್ಯಾಪಿನಲ್ಲಿ ಸೇತುವೆ ಎಣಿಸಿ.

ತಿಂಡಿ ಒಯ್ಯುವಾಗ ಯುರೋಪಿನ ನಿಯಮ ಗೊತ್ತಿರಲಿ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಅಂದರೆ ತುಪ್ಪ, ಪೇಡೆ ಬೇಡ. ಹಸಿ ಸೊಪ್ಪು, ಹಣ್ಣಿಗೂ ಸರ್ಟಿಫಿಕೇಟ್ ಬೇಕು, ಹಾಗಾಗಿ ಕರಿಬೇವೂ ಬೇಡ. ತೆಂಗಿನಕಾಯಿ, ಬಾಳೆಹಣ್ಣಿನಂಥ ಕೆಲವಕ್ಕೆ ವಿನಾಯಿತಿ ಉಂಟು ಎಂದು ಗೊತ್ತಾದಾಗ ನನಗೆ ಖುಷಿಯಾಯಿತು, ಆದರೆ ಕಾಯಿ ಹೊತ್ತುಕೊಂಡು ಹೋಗಲಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಖಾರದ ಅವಲಕ್ಕಿ, ಸ್ವಲ್ಪ ಒಳ್ಳೆಮೆಣಸು, ಇಷ್ಟು ಒಯ್ದೆ.

ಮೀನು ತಿನ್ನುವವರಿಗೆ ವೆನಿಸ್‌ನಲ್ಲಿ ಹಬ್ಬ. ಶುದ್ಧ ಸಸ್ಯಾಹಾರಿಗಳು ಮಾತ್ರ ಒಂದು ವಿಷಯ ತಿಳಿದುಕೊಳ್ಳಬೇಕು: ಪಾರ್ಮೆಸಾನ್, ಪೆಕೊರಿನೊ ಎಂಬ ಅಲ್ಲಿಯ ಪ್ರಸಿದ್ಧ ಚೀಸ್‌ಗಳಲ್ಲಿ ಹಾಲು ಒಡೆಯಲು ಕರು, ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಇಷ್ಟು ಕಟ್ಟುನಿಟ್ಟು ಇರುವವರು ಪಿಜ್ಜಾ ಮರಿನಾರಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸ್ ಇಲ್ಲವೇ ಇಲ್ಲ. ಸ್ಪಾಗೆಟ್ಟಿ ಅಲ್ ಪೊಮೊದೊರೊ ಕೂಡ ಆಗುತ್ತದೆ, ಚೀಸ್ ಮೇಲೆ ಉದುರಿಸಬೇಡಿ ಎಂದರೆ ಸಾಕು. ರಿಸೊಟ್ಟೊ ಅನ್ನದ್ದೇ ಆದರೂ ಮಾಂಸದ ಸಾರಿನಲ್ಲಿ ಬೇಯಿಸಿರುತ್ತಾರೆ, ಕೇಳದೆ ತಿನ್ನಬೇಡಿ. ಹೆಂಗಸರು 'ಸೋನೊ ವೆಜೆತಾರಿಯಾನಾ', ಗಂಡಸರು 'ಸೋನೊ ವೆಜೆತಾರಿಯಾನೊ' ಎನ್ನಬೇಕು. ಜೊತೆಗೆ 'ಸೆಂಜಾ ಕಾರ್ನೆ, ಸೆಂಜಾ ಪೆಶೆ' ಅಂದರೆ ಮಾಂಸ ಬೇಡ, ಮೀನು ಬೇಡ. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಇಷ್ಟು ಎಂದು ಸೇರಿಸಿದ್ದರೆ ಅದು ಮೋಸವಲ್ಲ, ಅಲ್ಲಿಯ ಪದ್ಧತಿ. ಕಾಫಿಯನ್ನು ನಿಂತು ಕುಡಿದರೆ ಒಂದು ದರ, ಕೂತರೆ ಜಾಸ್ತಿ ದರ. ನಮ್ಮ ಉಡುಪಿ ಹೋಟೆಲಿನ ಕೌಂಟರಿನಲ್ಲಿ ನಿಂತು ಕುಡಿದು ಅಭ್ಯಾಸ ಇದ್ದವರಿಗೆ ಇದು ಕಷ್ಟವೇನಲ್ಲ.

ರೋಮ್‌ನಲ್ಲಿ ಐದು ರಾತ್ರಿಗೆ ಅಡುಗೆಮನೆ ಇರುವ ಮನೆಯನ್ನೇ ಹಿಡಿದೆವು. ಸೂಪರ್ ಮಾರ್ಕೆಟಿನಲ್ಲಿ ಅಕ್ಕಿ, ಮೊಸರು, ಟೊಮೆಟೊ ಸಿಗುತ್ತದೆ. ಅವರ ದಪ್ಪ ಅಕ್ಕಿಯಲ್ಲಿ ಗಂಜಿ ಚೆನ್ನಾಗಿಯೇ ಆಗುತ್ತದೆ. ಏಳನೇ ದಿನ ಗಂಜಿ, ಮೆಣಸಿನ ಸಾರು ಉಂಡ ಮೇಲೆ ಇಬ್ಬರ ಮುಖವೂ ಸರಿಯಾಯಿತು.

ದುಡ್ಡಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ವಿದೇಶದ ದುಡ್ಡು ತುಂಬಿಸಿಕೊಳ್ಳುವ ಫೊರೆಕ್ಸ್ ಕಾರ್ಡ್ ಇಬ್ಬರ ಹತ್ತಿರವೂ ಒಂದೊಂದು ಇರಲಿ. ಕಾರ್ಡ್ ಯಂತ್ರ ರೂಪಾಯಿಯಲ್ಲಾ ಯೂರೊದಲ್ಲಾ ಎಂದು ಕೇಳಿದರೆ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಕೆಟ್ಟ ದರ ಹಾಕುತ್ತಾರೆ. ಹೋಟೆಲ್ ಬಾಡಿಗೆ ಮೇಲೆ ಊರಿನ ತೆರಿಗೆ ಬೇರೆ ಉಂಟು, ರೋಮ್‌ನ ಮೂರು ಸ್ಟಾರ್ ಹೋಟೆಲಿನಲ್ಲಿ ತಲೆಗೆ ರಾತ್ರಿಗೆ 6 ಯೂರೊ. ಇಲ್ಲಿ ಬರೆದ ದರಗಳು ಏರುತ್ತಿರುತ್ತವೆ, ಹೊರಡುವ ಮೊದಲು ಆಯಾ ಜಾಗದ ಅಧಿಕೃತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಕರಿಮಣಿ, ದಪ್ಪ ಬಳೆ ಲಾಕರಿನಲ್ಲಿರಲಿ. ರೋಮ್‌ನ ಮೆಟ್ರೊ, ಬಸ್ಸಿನಲ್ಲಿ ಜೇಬುಗಳ್ಳರು ಜಾಸ್ತಿ.

ವೆನಿಸ್: ದೋಣಿಯ ಮುಂದಿನ ಸೀಟು

ಊರು ತಲುಪಿದ ದಿನ ಏನನ್ನೂ ಬುಕ್ ಮಾಡಬೇಡಿ. ದೋಣಿ ಬಸ್ಸಿಗೆ ವಾಪೊರೆತ್ತೊ ಎನ್ನುತ್ತಾರೆ. ಒಂದು ಸಲದ ಟಿಕೆಟು 9.50 ಯೂರೊ, 48 ಗಂಟೆಯ ಪಾಸು 35. ಎರಡು ರಾತ್ರಿ ಇರುವವರಿಗೆ ಪಾಸೇ ಸರಿ. ಹತ್ತುವ ಮೊದಲು ಪ್ರತಿ ಸಲವೂ ಯಂತ್ರಕ್ಕೆ ತಾಗಿಸಬೇಕು. ಸಂಜೆ ಹೊತ್ತು 1ನೇ ನಂಬರಿನ ದೋಣಿ ಹತ್ತಿ ಸಾಧ್ಯವಾದರೆ ಮುಂದಿನ ತೆರೆದ ಸೀಟಿನಲ್ಲಿ ಕೂರಿ. ಗ್ರಾಂಡ್ ಕಾಲುವೆ ಉದ್ದಕ್ಕೂ ನಿಧಾನಕ್ಕೆ ಹೋಗುತ್ತದೆ, ಸ್ಯಾನ್ ಮಾರ್ಕೊ ಚೌಕ ತಲುಪಲು ಮುಕ್ಕಾಲು ಗಂಟೆ. ಮೆಣಸು ಮಾರಿ ಶ್ರೀಮಂತರಾದವರ ಅರಮನೆಗಳು ಎರಡೂ ಬದಿಯಲ್ಲಿ ನೀರಿಗೆ ಕಾಲು ಇಳಿಬಿಟ್ಟ ಹಾಗೆ ನಿಂತಿವೆ. ಗೊಂಡೋಲಾ ಬೇಕೆಂದರೆ ಹಗಲಿಗೆ ಅರ್ಧ ಗಂಟೆಗೆ 90 ಯೂರೊ ನಿಗದಿ, ಸಂಜೆ ಏಳರ ಮೇಲೆ 110. ಅದು ತಲೆಗಲ್ಲ, ದೋಣಿಗೆ. ನಾವು ಹತ್ತಲಿಲ್ಲ. ಕಾಲುವೆಯ ಈ ಕಡೆಯಿಂದ ಆ ಕಡೆಗೆ ದಾಟಿಸುವ ತ್ರಾಗೆತ್ತೊ ಎಂಬುದೂ ಗೊಂಡೋಲಾ ಥರದ ದೋಣಿಯೇ, ತಲೆಗೆ 2 ಯೂರೊ. ಅದರಲ್ಲಿ ದಾಟಿದೆವು. ನಮ್ಮ ಕಡವಿನ ದೋಣಿಯ ಹಾಗೆ.

ಬೆಳಿಗ್ಗೆ ಬೇಗ ಎದ್ದು ರಿಯಾಲ್ತೊ ಸೇತುವೆಯ ಹತ್ತಿರದ ಮೀನು ಮಾರುಕಟ್ಟೆಗೆ ಹೋಗಿ. ಭಾನುವಾರ, ಸೋಮವಾರ ಇಲ್ಲ. ನಾನು ಮೀನು ತಿನ್ನುವವಳಲ್ಲ, ಆದರೂ ಮಲ್ಪೆ ಬಂದರು ನೋಡಿ ಬೆಳೆದವಳಿಗೆ ಆ ಗಲಾಟೆ, ಆ ಮಂಜುಗಡ್ಡೆ, ಆ ವಾಸನೆ ಎಲ್ಲ ಮನೆಯದೇ ಅನಿಸಿತು. ಈ ರಿಯಾಲ್ತೊದಲ್ಲೇ ಹಿಂದೆ ಮೆಣಸಿನ ವ್ಯಾಪಾರ ನಡೆಯುತ್ತಿತ್ತು. 1498ರಲ್ಲಿ ವಾಸ್ಕೊ ಡ ಗಾಮ ನೇರ ಕಡಲ ದಾರಿಯಲ್ಲಿ ಕೇರಳಕ್ಕೆ ಬಂದ ಸುದ್ದಿ ತಲುಪಿದಾಗ ಇಲ್ಲಿಯ ವ್ಯಾಪಾರಿಗಳು ಕಂಗಾಲಾದರು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಅವನು ಇಳಿದ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಆ ಕಥೆಯನ್ನು ಇವರು ರಿಯಾಲ್ತೊ ಸೇತುವೆಯ ಮೇಲೆ ನಿಂತು ನನಗೆ ಮತ್ತೆ ಹೇಳಿದರು.

ಹಗಲು ಬಂದು ಸಂಜೆ ಹೋಗುವವರಿಗೆ ಏಪ್ರಿಲ್‌ನಿಂದ ಜುಲೈ ನಡುವಿನ ಕೆಲವು ದಿನ ಪ್ರವೇಶ ಶುಲ್ಕ ಉಂಟು. ಊರಲ್ಲೇ ರಾತ್ರಿ ಉಳಿಯುವವರಿಗೆ ಇಲ್ಲ, ಆದರೆ ಆನ್‌ಲೈನಿನಲ್ಲಿ ಹೆಸರು ಹಾಕಿ ವಿನಾಯಿತಿಯ ಚೀಟಿ ಇಟ್ಟುಕೊಳ್ಳಬೇಕು.

ರೈಲಿನ ಬೋರ್ಡಿನಲ್ಲಿ ಫ್ಲಾರೆನ್ಸ್ ಎಂದು ಹುಡುಕಬೇಡಿ, ಫಿರೆಂಜೆ ಎಂದಿರುತ್ತದೆ. ಇಳಿಯಬೇಕಾದದ್ದು ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್. ವೆನಿಸ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಫ್ಲಾರೆನ್ಸ್‌ನಿಂದ ರೋಮ್‌ಗೆ ಒಂದೂವರೆ ಗಂಟೆ. ಎರಡು ತಿಂಗಳು ಮೊದಲು ಬುಕ್ ಮಾಡಿದರೆ ಅರ್ಧಕ್ಕರ್ಧ ಕಮ್ಮಿಗೂ ಸಿಗುತ್ತದೆ. ಸಣ್ಣ ಲೋಕಲ್ ರೈಲಿನ ಕಾಗದದ ಟಿಕೆಟು ತೆಗೆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ.

ಫ್ಲಾರೆನ್ಸ್: ಒಬ್ಬರು ಮೇಲೆ, ಒಬ್ಬರು ಕೆಳಗೆ

ನಮ್ಮ ದೊಡ್ಡ ಜಗಳ ಆದದ್ದು ಇಲ್ಲಿ. ಊರ ನಡುವಿನ ದೊಡ್ಡ ಚರ್ಚಿನ ಗುಮ್ಮಟವನ್ನು ಬ್ರುನೆಲೆಸ್ಕಿ ಎಂಬವನು 1420ರಿಂದ 1436ರ ನಡುವೆ ಕಟ್ಟಿದ. ಕೆಳಗಿನಿಂದ ಮರದ ಆಧಾರ ಕೊಡದೆ, ನಲವತ್ತು ಲಕ್ಷಕ್ಕೂ ಜಾಸ್ತಿ ಇಟ್ಟಿಗೆಯನ್ನು ಮೀನಿನ ಮುಳ್ಳಿನ ಹಾಗೆ ಓರೆ ಓರೆಯಾಗಿ ಹೆಣೆದು ಸುತ್ತು ಸುತ್ತಾಗಿ ಏರಿಸಿದ. ಈಗ ಆ ಎರಡು ಇಸವಿ ತೆಗೆಯಿರಿ. ಮೂಡಬಿದಿರೆಯ ಬಸದಿ, ಕಾರ್ಕಳದ ಗೊಮ್ಮಟ, ಈ ಗುಮ್ಮಟ, ಮೂರೂ ಆರೇ ವರ್ಷದ ಅಂತರದಲ್ಲಿ ಮುಗಿದ ಕೆಲಸ. ನಮ್ಮವರಿಗೆ ಇದನ್ನು ಹತ್ತಲೇಬೇಕು. 463 ಮೆಟ್ಟಿಲು, ಇಕ್ಕಟ್ಟು, ಲಿಫ್ಟ್ ಇಲ್ಲ. ನನ್ನ ಮಂಡಿ ಕೇಳುವುದಿಲ್ಲ. 'ನೀನು ಬಾರದಿದ್ದರೆ ನನಗೂ ಬೇಡ' ಎಂದು ಮುಖ ಊದಿಸಿದರು. 'ನೀವು ಹೋಗಿ, ನಾನು ಕೂತಿರುತ್ತೇನೆ' ಎಂದು ನಾನು. ಟಿಕೆಟು ಒಬ್ಬರಿಗೆ 30 ಯೂರೊ, ಹತ್ತುವ ಹೊತ್ತು ಮೊದಲೇ ನಿಗದಿ, ವಾದ ಮಾಡುತ್ತ ನಿಂತರೆ ಹೊತ್ತು ದಾಟುತ್ತದೆ. ಕೊನೆಗೆ ಅವರು ಹತ್ತಿದರು, ನಾನು ಚರ್ಚಿನ ಎದುರು ಐಸ್‌ಕ್ರೀಮು ತಿನ್ನುತ್ತ ಕೂತೆ. ಇಬ್ಬರಿಗೂ ಒಳ್ಳೆಯ ಬೆಳಿಗ್ಗೆ ಅದು. ಮೇಲಿಂದ ಇಳಿದು ಬಂದವರು ಒಂದು ಗಂಟೆ ಬಿಡದೆ ವರ್ಣನೆ ಮಾಡಿದರು.

ಅಂದಿನಿಂದ ನಮ್ಮದೊಂದು ಕಟ್ಟಳೆ. ಪ್ರತಿ ಊರಲ್ಲಿ ಒಂದು ಆಯ್ಕೆ ನನ್ನದು, ಒಂದು ಅವರದು, ಇನ್ನೊಬ್ಬರು ಬರಲೂಬಹುದು, ಬಿಡಲೂಬಹುದು, ಬಿಟ್ಟರೆ ಬೇಸರ ಮಾಡುವ ಹಾಗಿಲ್ಲ. ಬೇರೆಯಾಗುವ ಮೊದಲು ಸೇರುವ ಜಾಗ, ಹೊತ್ತು ಬಾಯಲ್ಲಿ ಹೇಳಿಕೊಳ್ಳಬೇಕು. ಫೋನಿಗೆ ಚಾರ್ಜು ಇಲ್ಲದಿದ್ದರೂ ನಡೆಯಬೇಕಲ್ಲ. ಇಬ್ಬರ ಫೋನಿಗೂ ಇಂಟರ್ನೆಟ್ಟು ಬೇಕು, ಒಬ್ಬರ ಪಾಸ್‌ಪೋರ್ಟಿನ ಫೋಟೊ ಇನ್ನೊಬ್ಬರ ಫೋನಿನಲ್ಲಿರಬೇಕು. ಮಧ್ಯಾಹ್ನ ರೂಮಿಗೆ ಬಂದು ಎರಡು ಗಂಟೆ ಹೊತ್ತು ಮಲಗಬೇಕು. ಈ ಕೊನೆಯದು ತುಂಬ ಮುಖ್ಯ. ನಮ್ಮ ಜಗಳಗಳೆಲ್ಲ ಆದದ್ದು ಮಧ್ಯಾಹ್ನದ ನಿದ್ದೆ ತಪ್ಪಿದ ದಿನ.

ಮೈಕೆಲೆಂಜೆಲೊ ಕೆತ್ತಿದ, ಬೈಬಲಿನ ವೀರ ದಾವೀದನ ಮೂರ್ತಿ ಅಕಾದೆಮಿಯಾ ಗ್ಯಾಲರಿಯಲ್ಲಿದೆ. 1504ರಲ್ಲಿ ಮುಗಿದದ್ದು, ಎತ್ತರ 5.17 ಮೀಟರ್, ಅಂದರೆ ಹದಿನೇಳು ಅಡಿ. ಗೊಮ್ಮಟ ನೋಡಿದ ಕಣ್ಣಿಗೆ ಗಾತ್ರ ದೊಡ್ಡದೆನಿಸುವುದಿಲ್ಲ. ಆದರೆ ಹತ್ತಿರ ನಿಂತು ಅವನ ಬಲಗೈಯ ನರ ನೋಡಿ. ಗೊಮ್ಮಟ ಎಲ್ಲವನ್ನೂ ಬಿಟ್ಟು ನಿಂತವನು, ಇವನು ಇನ್ನೇನು ಯುದ್ಧಕ್ಕೆ ಇಳಿಯುವವನು. ಇಬ್ಬರ ಮೈಮೇಲೂ ಬಟ್ಟೆ ಇಲ್ಲ, ಇಬ್ಬರೂ ಒಂದೇ ಕಲ್ಲಿನವರು, ಭಾವ ಮಾತ್ರ ಪೂರ್ತಿ ಬೇರೆ. ನಾನು ಅಲ್ಲಿಂದ ಏಳಲು ಮನಸ್ಸಾಗದೆ ಬಹಳ ಹೊತ್ತು ಕೂತಿದ್ದೆ. ಹೊರಗೆ ಪಿಯಾಜ್ಜಾ ದೆಲ್ಲಾ ಸಿನ್ಯೊರಿಯಾ ಎಂಬ ಚೌಕದಲ್ಲಿ ನಿಂತಿರುವುದು ನಕಲು, ದುಡ್ಡಿಲ್ಲದೆ ನೋಡಬಹುದು.

ಹಳೆಯ ಚಿತ್ರಗಳಿರುವ ಉಫೀಜಿ ಗ್ಯಾಲರಿ ನಮ್ಮವರ ಆಯ್ಕೆ. ಉಫೀಜಿ ಅಂದರೆ ಆಫೀಸುಗಳು ಎಂದೇ ಅರ್ಥ, ಮೆದಿಚಿ ದೊರೆಯ ಕಚೇರಿಗೆಂದು 1560ರಲ್ಲಿ ಕಟ್ಟಲು ಶುರು ಮಾಡಿದ್ದು. ಆ ಮೆದಿಚಿ ಮನೆತನ 1397ರಲ್ಲಿ ಬ್ಯಾಂಕು ತೆರೆದು, ಆ ದುಡ್ಡಿನಿಂದ ಚಿತ್ರ, ಶಿಲ್ಪ, ಕಟ್ಟಡ ಎಲ್ಲ ಮಾಡಿಸಿತು. 1906ರಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದ ಜಿಲ್ಲೆಯವರಿಗೆ ಈ ಕಥೆ ರುಚಿಸದೆ ಇರುತ್ತದಾ? ಉಫೀಜಿ, ಅಕಾದೆಮಿಯಾ ಎರಡೂ ಸೋಮವಾರ ರಜೆ. ಒಂದೇ ದಿನ ಎರಡನ್ನೂ ಇಟ್ಟುಕೊಳ್ಳಬೇಡಿ. ಸಂಜೆಗೆ ಪೊಂತೆ ವೆಕ್ಕಿಯೊ ಸೇತುವೆ ಸಾಕು, 1345ರದ್ದು, 1593ರಿಂದ ಅದರ ಮೇಲೆ ಚಿನ್ನದ ಅಂಗಡಿಗಳೇ.

ರೋಮ್: ಐದು ದಿನವೂ ಕಮ್ಮಿ

ಕೊಲೋಸಿಯಂ ಟಿಕೆಟು 30 ದಿನ ಮೊದಲು ಅಧಿಕೃತ ಸೈಟಿನಲ್ಲಿ ಬಿಡುತ್ತಾರೆ, 18 ಯೂರೊ, ಪಕ್ಕದ ಫೋರಂ ಮತ್ತು ಪಾಲತೀನ್ ಗುಡ್ಡವೂ ಅದರಲ್ಲೇ ಸೇರುತ್ತದೆ. ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ತಿಂಗಳ ಮೊದಲ ಭಾನುವಾರ ಉಚಿತ, ಆ ದಿನ ಹೋಗಬೇಡಿ, ನಮ್ಮ ರಥಬೀದಿಯಲ್ಲಿ ಪರ್ಯಾಯದ ರಾತ್ರಿ ಇದ್ದಷ್ಟು ನೂಕುನುಗ್ಗಲು. ಕೊಲೋಸಿಯಂ ಎಲ್ಲರೂ ನೋಡುತ್ತಾರೆ, ನಾನು ಹೇಳುವುದು ಫೋರಂ, ಅಂದರೆ ಹಳೆಯ ರೋಮ್‌ನ ನಡುಪೇಟೆಯ ಬಗ್ಗೆ. ಅಲ್ಲಿ ಮ್ಯಾಕ್ಸೆಂಟಿಯಸ್ ಬೆಸಿಲಿಕಾ ಎಂಬ ಮೂರು ಭಾರಿ ಕಮಾನಿನ ಕಟ್ಟಡ ಉಳಿದಿದೆ. ಅದು ಏಳುವ ಮೊದಲು ಅದೇ ಜಾಗದಲ್ಲಿ ಡೊಮಿಶಿಯನ್ ಚಕ್ರವರ್ತಿ ಕಟ್ಟಿಸಿದ್ದ ಹೊರ್ರೆಯಾ ಪಿಪೆರತಾರಿಯಾ ಇತ್ತು. ಮೆಣಸಿನ ಗೋದಾಮು! ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬುವ ಬಳ್ಳಿಯ ಕಾಳಿಗೆ ಚಕ್ರವರ್ತಿ ಊರ ನಡುವೆ ಗೋದಾಮು ಕಟ್ಟಿಸಿದ್ದ. ಬಿಸಿಲಿನಲ್ಲಿ ಅಲ್ಲಿ ನಿಂತು ನನಗೆ ರೋಮಾಂಚನವಾಯಿತು. ಬಾಟಲಿ ಒಯ್ಯಿರಿ, ರೋಮ್‌ನ ಬೀದಿಗಳಲ್ಲಿ ನಸೋನಿ ಎಂಬ ಕಬ್ಬಿಣದ ನಲ್ಲಿಗಳು ಎಲ್ಲ ಕಡೆ ಇವೆ, ಕುಡಿಯುವ ನೀರೇ, ದುಡ್ಡು ಕೊಡಬೇಕಿಲ್ಲ.

ವ್ಯಾಟಿಕನ್ ಮ್ಯೂಸಿಯಂಗೆ ಇಡೀ ಬೆಳಿಗ್ಗೆ ಇಡಿ. 20 ಯೂರೊ, ಆನ್‌ಲೈನಿಗೆ 5 ಜಾಸ್ತಿ. ಆ ಐದನ್ನು ಕಣ್ಣು ಮುಚ್ಚಿ ಕೊಡಿ. ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು, ನಮ್ಮ ದೇವಸ್ಥಾನಗಳ ಹಾಗೆಯೇ. ಅದರ ಜೊತೆಗೇ ನೋಡುವ ಸಿಸ್ಟೀನ್ ಚಾಪೆಲ್‌ನ ಚಾವಣಿಯನ್ನು ಮೈಕೆಲೆಂಜೆಲೊ 1508ರಿಂದ 1512ರ ತನಕ ಬರೆದ. ಫೋಟೊ ತೆಗೆಯಬಾರದು, ಮಾತಾಡಬಾರದು. ಗೋಡೆ ಬದಿಯ ಬೆಂಚು ಖಾಲಿಯಾಗುವ ತನಕ ಕಾದು ಕೂತುಕೊಳ್ಳಿ. ಬಾವುಟಗುಡ್ಡೆಯಲ್ಲಿ ನೋಡಿದ ಹಸಿ ಗಾರೆಯ ಮಾತು ಆಗ ನೆನಪಿಗೆ ಬರುತ್ತದೆ.

ಪಾಂಥಿಯನ್ ಎಂಬ ಹಳೆಯ ರೋಮನ್ ದೇವಸ್ಥಾನಕ್ಕೆ 5 ಯೂರೊ. ಸುಮಾರು 1,900 ವರ್ಷದ ಹಿಂದಿನ ಕಾಂಕ್ರೀಟ್ ಗುಮ್ಮಟ, ಅಗಲ 43 ಮೀಟರ್, ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲ. ನೆತ್ತಿಯಲ್ಲಿ ದೊಡ್ಡ ತೂತು, ಮುಚ್ಚಳ ಇಲ್ಲ. ಮಳೆ ಬಂದರೆ ನೀರು ಒಳಗೇ ಬಿದ್ದು ನೆಲದ ಸಣ್ಣ ರಂಧ್ರಗಳಲ್ಲಿ ಇಳಿದು ಹೋಗುತ್ತದೆ. ತೊಟ್ಟಿ ಮನೆಯ ಅಂಗಳದಲ್ಲಿ ಮಳೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೋಡ ಕಂಡ ದಿನ ಬೇಕೆಂದೇ ಹೋಗಿ.

ಕೊನೆಯ ಸಂಜೆಗೆ ಅರಾಚೇಲಿ ಚರ್ಚನ್ನು ಇಟ್ಟುಕೊಳ್ಳಿ. ಟಿಕೆಟಿಲ್ಲ, ಕ್ಯೂ ಇಲ್ಲ. ಎದುರಿನಿಂದ 124 ಕಡಿದಾದ ಮೆಟ್ಟಿಲು, ಆದರೆ ಮಂಡಿ ನೋವಿನವರು ಪಕ್ಕದ ಕ್ಯಾಪಿತೊಲೀನ್ ಗುಡ್ಡದ ಅಗಲವಾದ ಇಳಿಜಾರು ದಾರಿಯಲ್ಲಿ ಹತ್ತಿ ಬದಿಯ ಬಾಗಿಲಿಂದ ಒಳಗೆ ಹೋಗಬಹುದು. ಪಿಯೆತ್ರೊ ದೆಲ್ಲಾ ವಾಲೆಯ ಕಥೆ ಮುಗಿಯುವುದು ಇಲ್ಲಿ. ಅವನು 1616ರಲ್ಲಿ ಬಾಗ್ದಾದಿನಲ್ಲಿ ಸಿತ್ತಿ ಮಾಆನಿ ಎಂಬ ಹುಡುಗಿಯನ್ನು ಮದುವೆಯಾದ. ಐದು ವರ್ಷ ಇಬ್ಬರೂ ಜೊತೆಯಾಗಿ ಊರೂರು ತಿರುಗಿದರು. 1621ರಲ್ಲಿ ಪರ್ಷಿಯಾದ ಕಡಲ ತೀರದಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ಅವನು ಅವಳನ್ನು ಅಲ್ಲಿ ಬಿಟ್ಟು ಬರಲಿಲ್ಲ. ದೇಹ ಕೆಡದ ಹಾಗೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೂ ತಂದ, ನಾಲ್ಕು ವರ್ಷಕ್ಕೂ ಜಾಸ್ತಿ ಜೊತೆಯಲ್ಲಿಟ್ಟುಕೊಂಡು ರೋಮ್ ಸೇರಿ, ಈ ಚರ್ಚಿನಲ್ಲಿ ತನ್ನ ಮನೆತನದವರ ಜಾಗದಲ್ಲಿ ಮಣ್ಣು ಮಾಡಿದ.

ಇದನ್ನು ನಾನು ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದೆ. ನಮ್ಮವರು ಮೇಲಿನ ಚಿನ್ನದ ಬಣ್ಣದ ಮರದ ಚಾವಣಿ ನೋಡುತ್ತಲೇ ಇದ್ದರು. 'ಅಷ್ಟು ದೂರ ತಂದನಾ ಮಾರಾಯ್ತಿ' ಎಂದರು, ಬೇರೇನೂ ಹೇಳಲಿಲ್ಲ. ಎದುರಿನ ಮೆಟ್ಟಿಲಲ್ಲೇ ನಿಧಾನಕ್ಕೆ ಇಳಿದೆವು. ನನ್ನ ಬ್ಯಾಗನ್ನೂ ಅವರೇ ಹಿಡಿದುಕೊಂಡರು.

ಏರ್‌ಪೋರ್ಟಿಗೆ ತೆರ್ಮಿನಿ ಸ್ಟೇಷನ್‌ನಿಂದ ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲು, 32 ನಿಮಿಷ, 14 ಯೂರೊ. ವಿಮಾನದ ಹೊತ್ತಿಗೆ ಮೂರೂವರೆ ಗಂಟೆ ಮೊದಲು ಅಲ್ಲಿರಿ. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಮುದ್ರೆಯ ಬದಲು ಕಂಪ್ಯೂಟರಿನಲ್ಲಿ ಮುಖದ ಫೋಟೊ ಸಹಿತ ದಾಖಲಿಸುವ ವ್ಯವಸ್ಥೆ ಶುರುವಾಗಿದೆ, ಕ್ಯೂ ಉದ್ದ ಇರುತ್ತದೆ.